ವಿಂಡೋಸ್ ಉಳಿಸಿಕೊಂಡೇ ಪಕ್ಕದಲ್ಲಿ ಲಿನಕ್ಸ್ ಮಿಂಟ್: ಮೊದಲ ಸಲ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಹೋಗಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವಿರುವುದು ಲಿನಕ್ಸ್‌ಗೆ ಕೈಹಾಕುವ ಮುಂಚೆಯೇ. ವಿಂಡೋಸ್ ಒಳಗೆ ಮೊದಲು ಮುಗಿಸಬೇಕಾದ ನಾಲ್ಕೈದು ಕೆಲಸಗಳನ್ನು ಬಿಟ್ಟಿರುತ್ತಾರೆ, ಇಲ್ಲವೇ ಹಿಂದುಮುಂದು ಮಾಡಿರುತ್ತಾರೆ. ಆಮೇಲೆ ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳುತ್ತದೆ, ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ, ಅಥವಾ ಎಲ್ಲ ಮುಗಿದ ಮೇಲೂ ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೇ ಹೋಗಿ ನಿಲ್ಲುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಸರಿಯಾಗಿ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಇಲ್ಲಿ ಹೇಳಿರುವುದು ಲಿನಕ್ಸ್ ಮಿಂಟ್ 22 ಸರಣಿಯ ವಿಧಾನ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ ಬಳಸಿ ಅಭ್ಯಾಸವಾದ ಕಣ್ಣಿಗೆ ಇದರ ಮೆನು ಹೊಸದೆನಿಸುವುದಿಲ್ಲ. ಬೇರೆ ಡಿಸ್ಟ್ರೋ (ಲಿನಕ್ಸ್‌ನ ಬೇರೆ ರೂಪ) ಹಾಕುವವರಿಗೂ ಮೊದಲ ಐದು ಹಂತಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಯಾರು ಇನ್‌ಸ್ಟಾಲ್ ಮಾಡಬಾರದು

ಅಂಗಡಿಯ ಟ್ಯಾಲಿ ಲೆಕ್ಕ ದಿನವೂ ಓಡುವ ಒಂದೇ ಒಂದು ಕಂಪ್ಯೂಟರ್, ಕಚೇರಿಯಿಂದ ಕೊಟ್ಟಿರುವ ಲ್ಯಾಪ್‌ಟಾಪ್, ನಾಳೆ ಪರೀಕ್ಷೆ ಅಥವಾ ಪ್ರಾಜೆಕ್ಟ್ ಸಲ್ಲಿಕೆ ಇರುವವರ ಲ್ಯಾಪ್‌ಟಾಪ್, ಈ ಮೂರಕ್ಕೂ ಬೇಡ. ಇವುಗಳಲ್ಲಿ 6ನೇ ಹಂತದವರೆಗೆ, ಅಂದರೆ ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವವರೆಗೆ ಮಾತ್ರ ಹೋಗಿ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯುವ, ಯಂತ್ರದ ಸ್ವಂತ ಸೆಟ್ಟಿಂಗ್ ಪುಟ) ಏನನ್ನೂ ಬದಲಿಸದಿದ್ದರೆ ಅದಕ್ಕೆ 3 ಮತ್ತು 4ನೇ ಹಂತಗಳೂ ಬೇಕಿಲ್ಲ. ಪೆನ್‌ಡ್ರೈವ್‌ನಿಂದ ಓಡುವಾಗ ನೀವಾಗಿ ಯಾವುದನ್ನೂ ಮುಟ್ಟದಿದ್ದರೆ ಒಳಗಿನ ಡಿಸ್ಕಿನ ಮೇಲೆ ಒಂದು ಅಕ್ಷರವೂ ಬರೆಯಲ್ಪಡುವುದಿಲ್ಲ.

ಬೇಕಾಗುವ ಸಾಮಾನು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಫೈಲುಗಳ ಬ್ಯಾಕಪ್‌ಗೆ ಬೇರೊಂದು ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್. ಮೊಬೈಲ್ ಮತ್ತು ಅದರ ಡೇಟಾ ಕೇಬಲ್. ವೈಫೈ ಕೈಕೊಟ್ಟಾಗ ಅದೇ ಆಧಾರ. ಒಂದು ಪೆನ್ನು, ಒಂದು ಹಾಳೆ.

ರ‍್ಯಾಮ್ 4 ಜಿಬಿ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. 8 ಜಿಬಿ ಅಥವಾ ಹೆಚ್ಚಿದ್ದರೆ ಸಿನಮನ್. 2 ಜಿಬಿಯಲ್ಲೂ ಮಿಂಟ್ ಏಳುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ.

ಕರೆಂಟಿನ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯವು. ಹಳ್ಳಿ ಕಡೆ ಕರೆಂಟ್ ಹೋಗುವ ಹೊತ್ತು ಯಾವುದು ಎಂದು ಅಲ್ಲಿರುವವರಿಗೇ ಚೆನ್ನಾಗಿ ಗೊತ್ತು. ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಕುಗ್ಗಿಸುವಾಗ ಅಥವಾ ಫೈಲು ನಕಲಾಗುವಾಗ ಕರೆಂಟ್ ಹೋದರೆ ವಿಂಡೋಸ್ ಪಾರ್ಟಿಷನ್ನೇ ಕೆಡಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ 4 ಮತ್ತು 7ನೇ ಹಂತಗಳಿಗೆ ಕೈಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ಅರ್ಧಕ್ಕಿಂತ ಹೆಚ್ಚು ತುಂಬಿರಲಿ. ಬ್ಯಾಟರಿ ಸತ್ತು ಬರೀ ಚಾರ್ಜರ್ ಮೇಲೆ ನಿಂತಿರುವ ಹಳೇ ಲ್ಯಾಪ್‌ಟಾಪನ್ನು ಡೆಸ್ಕ್‌ಟಾಪ್ ಎಂದೇ ಲೆಕ್ಕ ಹಾಕಿ.

ಹಂತ 1: ಬ್ಯಾಕಪ್

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ, ಟ್ಯಾಲಿ ಡೇಟಾ ಫೋಲ್ಡರ್ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಳಚಿ ಪಕ್ಕಕ್ಕೆ ಇಡಿ. ಕಳಚುವುದೂ ಈ ಹಂತದ ಭಾಗವೇ: ಇನ್‌ಸ್ಟಾಲ್ ಹೊತ್ತಿಗೆ ಬ್ಯಾಕಪ್ ಡಿಸ್ಕ್ ಸಿಕ್ಕಿಸಿಕೊಂಡೇ ಇದ್ದರೆ ಪಟ್ಟಿಯಲ್ಲಿ ಅದೂ ಕಾಣಿಸುತ್ತದೆ, ಅವಸರದಲ್ಲಿ ಅದನ್ನೇ ಅಳಿಸಿಬಿಡುವವರಿದ್ದಾರೆ. ಅದೇ ಕಂಪ್ಯೂಟರಿನ ಡಿ ಡ್ರೈವ್‌ಗೆ ನಕಲು ಮಾಡಿದ್ದು ಬ್ಯಾಕಪ್ ಅಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು.

ಹಂತ 2: ನಿಮ್ಮ ಯಂತ್ರ ಯಾವ ಬಗೆಯದು ಎಂದು ಬರೆದಿಟ್ಟುಕೊಳ್ಳಿ

ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ ಹಾಳೆಯಲ್ಲಿ ಬರೆದುಕೊಳ್ಳಿ. ಇವು ಕಂಪ್ಯೂಟರ್ ಏಳುವ ಹೊಸ ಮತ್ತು ಹಳೆಯ ವಿಧಾನಗಳು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ಏಳದಂತೆ ತಡೆಯುವ ಕಾವಲು) ಸ್ಟೇಟ್ ಆನ್ ಅಥವಾ ಆಫ್, ಅದನ್ನೂ ಬರೆಯಿರಿ. ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸ್ ಪೆನ್‌ಡ್ರೈವ್ ಕೂಡ ಅದೇ ಮೋಡ್‌ನಲ್ಲಿ ಏಳಬೇಕು. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ ಆದರೆ ಎರಡೂ ಒಂದೇ ಮೆನುವಿಗೆ ಬರುವುದಿಲ್ಲ. ‘ವಿಂಡೋಸ್ ಕಾಣೆಯಾಯಿತು’ ಎಂಬ ದೂರುಗಳಲ್ಲಿ ಬಹಳಷ್ಟು ಇದೇ ತಪ್ಪಿನಿಂದ ಬಂದವು.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಸ್ಟೋರೇಜ್ ಕಂಟ್ರೋಲರ್ಸ್ ಸಾಲನ್ನು ಬಿಡಿಸಿ. ಅಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಹೆಸರು ಕಂಡರೆ ಗುರುತು ಹಾಕಿಕೊಳ್ಳಿ. ಇವು ಡಿಸ್ಕನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆಗಳು, ಇವುಗಳಿಂದ ಲಿನಕ್ಸ್‌ಗೆ ಡಿಸ್ಕ್ ಕಾಣದಿರಬಹುದು. ಇದರ ಕೆಲಸ 6ನೇ ಹಂತದಲ್ಲಿ ಬರುತ್ತದೆ. ಈಗಲೇ ಬಯೋಸ್‌ಗೆ ಹೋಗಿ ಬದಲಾಯಿಸಬೇಡಿ.

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತರುವವರು ನಮ್ಮ ಕಡೆ ಬಹಳ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮೇಲೆ ಲಿನಕ್ಸ್ ಬಹಳ ಚೆನ್ನಾಗಿ ಓಡುತ್ತದೆ. ಆದರೆ ಅವುಗಳಲ್ಲಿ ಕೆಲವಕ್ಕೆ ಹಳೆಯ ಕಂಪನಿ ಹಾಕಿದ ಬಯೋಸ್ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ದುಡ್ಡು ಕೊಡುವ ಮುಂಚೆಯೇ ಅಂಗಡಿಯಲ್ಲಿ ಬಯೋಸ್ ತೆರೆಸಿ ನೋಡಿ. ಅದು ತೆರೆಯದಿದ್ದರೆ ಸೆಕ್ಯೂರ್ ಬೂಟ್, ಬೂಟ್ ಕ್ರಮ ಯಾವುದನ್ನೂ ಬದಲಿಸಲಾಗದು.

ಹಂತ 3: ಬಿಟ್‌ಲಾಕರ್ ಮತ್ತು ಫಾಸ್ಟ್ ಸ್ಟಾರ್ಟ್‌ಅಪ್

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್‌ಗೆ ಹೋಗಿ. ನೀವು ಯಾವತ್ತೂ ಆನ್ ಮಾಡಿಲ್ಲದಿದ್ದರೂ ಅದು ಆನ್ ಆಗಿರಬಹುದು; ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗುತ್ತದೆ. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟವನ್ನೂ ನೋಡಿ.

ಮೊದಲು ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯ ಜಾಲತಾಣದಲ್ಲಿ ನಿಮ್ಮ ಡಿವೈಸ್ ಹೆಸರಿನ ಕೆಳಗೆ 48 ಅಂಕಿಯ ಕೀಲಿ ಇರುತ್ತದೆ. ಅದನ್ನು ಹಾಳೆಯ ಮೇಲೆ ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಆ ಕಂಪ್ಯೂಟರಿನ ಒಳಗೇ ಉಳಿಸಿಟ್ಟರೆ ಬೇಕಾದಾಗ ಸಿಗುವುದಿಲ್ಲ. ಕೀಲಿ ಕೈಗೆ ಬಂದ ಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ. ಬೀಗ ಬಿಚ್ಚಲು ಡಿಸ್ಕಿನ ಗಾತ್ರದ ಮೇಲೆ ಕೆಲವು ನಿಮಿಷದಿಂದ ಒಂದೆರಡು ಗಂಟೆ ಹಿಡಿಯಬಹುದು. ‘ಡೀಕ್ರಿಪ್ಟಿಂಗ್’ ಎಂಬ ಪದ ಕಾಣುತ್ತಿರುವವರೆಗೂ ಮುಂದಿನ ಹೆಜ್ಜೆ ಇಡಬೇಡಿ. ಇದನ್ನು ಬಿಟ್ಟರೆ ಏನಾಗುತ್ತದೆ? ಕಂಪ್ಯೂಟರ್ ಏಳುವ ದಾರಿ ಬದಲಾಗಿದ್ದನ್ನು ಅದರೊಳಗಿನ ಭದ್ರತಾ ಚಿಪ್ ಗಮನಿಸುತ್ತದೆ, ಯಾರೋ ಕೈಯಾಡಿಸಿದ್ದಾರೆ ಎಂದುಕೊಂಡು ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಸಿ ಡ್ರೈವ್‌ನ ಫೈಲುಗಳನ್ನು ಯಾವ ಸರ್ವಿಸ್ ಅಂಗಡಿಯವರೂ ತೆಗೆದುಕೊಡಲಾರರು.

ಇನ್ನು ಫಾಸ್ಟ್ ಸ್ಟಾರ್ಟ್‌ಅಪ್. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಆರುವುದಿಲ್ಲ. ಅರ್ಧ ನಿದ್ದೆಗೆ ಹೋಗಿರುತ್ತದೆ, ಸಿ ಡ್ರೈವ್ ಇನ್ನೂ ತನ್ನ ಹಿಡಿತದಲ್ಲೇ ಇದೆ ಎಂದು ಗುರುತು ಬಿಟ್ಟಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡ್ರೈವ್‌ಗೆ ಬರೆದರೆ ಫೈಲುಗಳು ಕೆಡುತ್ತವೆ. ಹಾಗಾಗಿ ಲಿನಕ್ಸ್ ಅದನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್, ಹಾರ್ಡ್‌ವೇರ್ ಆ್ಯಂಡ್ ಸೌಂಡ್, ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ‘ಚೂಸ್ ವಾಟ್ ದಿ ಪವರ್ ಬಟನ್ಸ್ ಡೂ’ ಒತ್ತಿ. ಫಾಸ್ಟ್ ಸ್ಟಾರ್ಟ್‌ಅಪ್ ಸಾಲು ಮಂಕಾಗಿದ್ದರೆ ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಕೊಂಡಿ ಒತ್ತಿದ ಮೇಲೆ ಟಿಕ್ ತೆಗೆಯಲು ಬಿಡುತ್ತದೆ. ಟಿಕ್ ತೆಗೆದು ಸೇವ್ ಮಾಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇದು ಮತ್ತೆ ಆನ್ ಆಗಿರುವುದುಂಟು, ಆಗಾಗ ನೋಡಿಕೊಳ್ಳಿ.

ಹಂತ 4: ಜಾಗ ಬಿಡಿಸುವುದು

ಸಿ ಡ್ರೈವ್‌ಗೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಓಡಿಸಿ. ದೋಷ ತೋರಿಸಿದರೆ ಮೊದಲು ಅದನ್ನು ಸರಿಮಾಡಿ. ಹಳೆಯ ಹಾರ್ಡ್‌ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅಥವಾ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಳದಿ ಬಣ್ಣದಲ್ಲಿ ಕಾಷನ್ ಎಂದರೆ ಇಲ್ಲಿಗೇ ನಿಲ್ಲಿಸಿ. ಸಾಯುತ್ತಿರುವ ಡಿಸ್ಕಿನಲ್ಲಿ ಪಾರ್ಟಿಷನ್ ಅಳ್ಳಾಡಿಸಬಾರದು. ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು ಮತ್ತೆ ಬನ್ನಿ.

ಸ್ಟಾರ್ಟ್ ಗುಂಡಿಗೆ ಬಲಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವ್ ಮೇಲೆ ಬಲಗುಂಡಿ, ಶ್ರಿಂಕ್ ವಾಲ್ಯೂಮ್. ಎಷ್ಟು ಬಿಡಿಸಬೇಕು ಎಂಬ ಸಂಖ್ಯೆಯನ್ನು ಎಂಬಿಯಲ್ಲಿ ಕೊಡಬೇಕು. 256 ಜಿಬಿ ಎಸ್‌ಎಸ್‌ಡಿಗೆ 50 ಜಿಬಿ, ಅಂದರೆ 51200. 512 ಜಿಬಿಗೆ 80 ಜಿಬಿ, ಅಂದರೆ 81920. ಮಿಂಟ್ 20 ಜಿಬಿಯಲ್ಲೂ ಕೂರುತ್ತದೆ, ಆದರೆ ಆರು ತಿಂಗಳಲ್ಲಿ ಜಾಗ ಸಾಲದೆ ಮತ್ತೆ ಪಾರ್ಟಿಷನ್ ಹಿಗ್ಗಿಸುವ ತಲೆನೋವು ಬೇಡ. ಸಿ ಡ್ರೈವ್‌ನಲ್ಲೂ ವಿಂಡೋಸ್ ಅಪ್‌ಡೇಟ್‌ಗೆಂದು ಕನಿಷ್ಠ 30 ಜಿಬಿ ಖಾಲಿ ಉಳಿಯಲಿ.

ಸಿ ಡ್ರೈವ್‌ನಲ್ಲಿ 120 ಜಿಬಿ ಖಾಲಿ ಇದ್ದರೂ ‘8 ಜಿಬಿ ಮಾತ್ರ ಬಿಡಿಸಬಹುದು’ ಎಂದು ವಿಂಡೋಸ್ ಹೇಳುವುದುಂಟು. ಜಾಗದಿಂದ ಕದಲದ ಕೆಲವು ಫೈಲುಗಳು ಡ್ರೈವ್‌ನ ನಡುವೆಯೋ ಕೊನೆಯಲ್ಲೋ ಕೂತಿರುವುದೇ ಇದಕ್ಕೆ ಕಾರಣ: ಪೇಜ್ ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಮ್ ರಿಸ್ಟೋರ್ ಪಾಯಿಂಟ್‌ಗಳು. ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ, ವರ್ಚುವಲ್ ಮೆಮೊರಿಯಲ್ಲಿ ‘ನೋ ಪೇಜಿಂಗ್ ಫೈಲ್’ ಆರಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಪ್ರಯತ್ನಿಸಿ. ಜಾಗ ಬಿಡಿಸಿಕೊಂಡ ಮೇಲೆ ಎರಡನ್ನೂ ಮರೆಯದೆ ಆನ್ ಮಾಡಿ. ಶ್ರಿಂಕ್ ನಡೆಯುವಾಗ ಕಿಟಕಿ ‘ನಾಟ್ ರೆಸ್ಪಾಂಡಿಂಗ್’ ಎಂದರೆ ಗಾಬರಿ ಬೀಳಬೇಡಿ. ಹಾರ್ಡ್‌ಡಿಸ್ಕ್ ಆದರೆ ಹೊತ್ತು ಹಿಡಿಯುತ್ತದೆ, ಬಲವಂತವಾಗಿ ಮುಚ್ಚಬೇಡಿ.

ಮುಗಿದ ಮೇಲೆ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅದರ ಮೇಲೆ ನ್ಯೂ ವಾಲ್ಯೂಮ್ ಮಾಡಿ ಇ ಡ್ರೈವ್ ಎಂದು ಹೆಸರಿಡುವುದು ಬಹಳ ಜನ ಮಾಡುವ ತಪ್ಪು; ಆಮೇಲೆ ಇನ್‌ಸ್ಟಾಲರ್‌ಗೆ ಖಾಲಿ ಜಾಗ ಸಿಗುವುದಿಲ್ಲ. ಸಿ ಡ್ರೈವ್‌ನ ಬಲಕ್ಕೆ 500 ಎಂಬಿಯಿಂದ 1 ಜಿಬಿವರೆಗಿನ ರಿಕವರಿ ಪಾರ್ಟಿಷನ್ ಇದ್ದರೆ ಅದನ್ನೂ ಮುಟ್ಟಬೇಡಿ.

ಹಳೆಯ ಲೆಗಸಿ ಯಂತ್ರದವರಿಗೆ ಒಂದು ಮಾತು. ಅಂಥ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರುವಂತಿಲ್ಲ. ಸಿಸ್ಟಮ್, ಸಿ, ರಿಕವರಿ, ಕಂಪನಿಯ ಟೂಲ್ಸ್ ಎಂದು ನಾಲ್ಕೂ ಮೊದಲೇ ತುಂಬಿರುತ್ತವೆ. ಐದನೆಯದು ಮಾಡಲು ಹೋದರೆ ‘ಡೈನಾಮಿಕ್ ಡಿಸ್ಕ್ ಆಗಿ ಬದಲಿಸಲೇ?’ ಎಂದು ವಿಂಡೋಸ್ ಕೇಳುತ್ತದೆ. ಖಂಡಿತ ಹೂಂ ಅನ್ನಬೇಡಿ. ಹಾಗೆ ಬದಲಾದ ಡಿಸ್ಕಿನಲ್ಲಿ ಲಿನಕ್ಸ್ ಇನ್‌ಸ್ಟಾಲರ್‌ಗೆ ದಾರಿ ಮುಚ್ಚಿಹೋಗುತ್ತದೆ, ಫೈಲು ಕಳೆಯದೆ ಹಿಂದಕ್ಕೆ ಬರುವುದೂ ಸುಲಭವಲ್ಲ. ಕಂಪನಿಯ ಟೂಲ್ಸ್ ಪಾರ್ಟಿಷನ್‌ನ ಬ್ಯಾಕಪ್ ತೆಗೆದು, ಅದೊಂದನ್ನು ಅಳಿಸಿದರೆ ಸಾಕು.

ಹಂತ 5: ಐಎಸ್‌ಒ ಇಳಿಸುವುದು, ಪೆನ್‌ಡ್ರೈವ್ ಮಾಡುವುದು

ಮಿಂಟ್ ಐಎಸ್‌ಒ, ಅಂದರೆ ಇನ್‌ಸ್ಟಾಲ್‌ಗೆ ಬೇಕಾದ ಪೂರ್ತಿ ಫೈಲು, ಸುಮಾರು 3 ಜಿಬಿ, ಉಬುಂಟು 6 ಜಿಬಿ ಹತ್ತಿರ. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಹಾಕಿಸಿಕೊಂಡಿರುವ ಮೊಬೈಲ್‌ನಿಂದ ಒಂದೇ ಸಲಕ್ಕೆ ಇಳಿಯುವುದಿಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ನೆಟ್ ನಡುವೆ ಕಡಿದರೆ ಬ್ರೌಸರ್ ಡೌನ್‌ಲೋಡ್ ಅರ್ಧದಲ್ಲೇ ನಿಂತು ಹಾಳಾಗುತ್ತದೆ. ಇದಕ್ಕೆ ಮಿಂಟ್ ಜಾಲತಾಣದಲ್ಲೇ ಇರುವ ಟೊರೆಂಟ್ ಕೊಂಡಿ ಬಳಸಿ. ಇವತ್ತು ಅರ್ಧ, ನಾಳೆ ಅರ್ಧ ಇಳಿಸಬಹುದು. ಪ್ರತಿ ತುಂಡನ್ನೂ ಅದೇ ಪರೀಕ್ಷಿಸಿಕೊಳ್ಳುತ್ತದೆ. ಕಾಲೇಜಿನ ವೈಫೈ ಇದ್ದರೆ ನೇರವಾಗಿ ಭಾರತದ ಮಿರರ್ (ಅದೇ ಫೈಲಿನ ನಕಲು ಇಟ್ಟಿರುವ ತಾಣ) ಆರಿಸಿ.

ಗೆಳೆಯರ ಬಳಿ ಇರುವ ಎರಡು ವರ್ಷದ ಹಿಂದಿನ ಪೆನ್‌ಡ್ರೈವ್ ಬಳಸಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ, ಸೆಕ್ಯೂರ್ ಬೂಟ್ ಆನ್ ಇರುವ ಎಷ್ಟೋ ಯಂತ್ರಗಳು ಹಳೆಯ ಲಿನಕ್ಸ್ ಬೂಟ್ ಫೈಲುಗಳನ್ನು ಒಪ್ಪದೆ ‘ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್’ ಎಂದು ಹೇಳಿ ಆರಿಹೋಗುತ್ತಿದ್ದವು. ಆ ಸಂದೇಶ ಕಂಡರೆ ಹೊಸ ಐಎಸ್‌ಒ ಇಳಿಸಿಕೊಳ್ಳಿ.

ಪೆನ್‌ಡ್ರೈವ್ ಮಾಡಲು ರೂಫಸ್ ಎಂಬ ಪುಟ್ಟ ತಂತ್ರಾಂಶ ಸಾಕು. ತೆರೆದು, ಡಿವೈಸ್‌ನಲ್ಲಿ ನಿಮ್ಮ ಪೆನ್‌ಡ್ರೈವ್, ಸೆಲೆಕ್ಟ್ ಒತ್ತಿ ಐಎಸ್‌ಒ ಆರಿಸಿ. ಸೆಲೆಕ್ಟ್ ಪಕ್ಕದಲ್ಲೇ ಟಿಕ್ ಗುರುತಿನ ಪುಟ್ಟ ಗುಂಡಿ ಇದೆ. ಅದನ್ನು ಒತ್ತಿದರೆ ಎಸ್‌ಎಚ್‌ಎ256 ಎಂಬ ಸಾಲಿನಲ್ಲಿ 64 ಅಕ್ಷರಗಳ ಮೊತ್ತ ಬರುತ್ತದೆ. ಮಿಂಟ್ ಜಾಲತಾಣದಲ್ಲಿ ಕೊಟ್ಟಿರುವ ಮೊತ್ತದ ಜೊತೆ ಮೊದಲ ಎಂಟು, ಕೊನೆಯ ಎಂಟು ಅಕ್ಷರ ಹೋಲಿಸಿ. ಒಂದಕ್ಷರ ಬೇರೆಯಾದರೂ ಫೈಲು ಕೆಟ್ಟಿದೆ ಎಂದರ್ಥ. ಇನ್‌ಸ್ಟಾಲ್ ನಡುವೆ ‘ಇನ್‌ಪುಟ್/ಔಟ್‌ಪುಟ್ ಎರರ್’ ಬಂದು ನಿಲ್ಲುವುದಕ್ಕೆ ಹೆಚ್ಚಾಗಿ ಇದೇ ಕಾರಣ, ಇಲ್ಲವೇ ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ನಕಲಿ ಪೆನ್‌ಡ್ರೈವ್.

2ನೇ ಹಂತದಲ್ಲಿ ಯುಇಎಫ್‌ಐ ಎಂದು ಬರೆದುಕೊಂಡಿದ್ದರೆ ಪಾರ್ಟಿಷನ್ ಸ್ಕೀಮ್‌ನಲ್ಲಿ ಜಿಪಿಟಿ, ಲೆಗಸಿ ಎಂದಿದ್ದರೆ ಎಂಬಿಆರ್. ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡೋ ಡಿಡಿ ಮೋಡೋ ಎಂದು ಕೇಳಿದರೆ ಐಎಸ್‌ಒ ಮೋಡ್ ಬಿಡಿ. ಅದು ಏಳದಿದ್ದರೆ ಮಾತ್ರ ಡಿಡಿಯಲ್ಲಿ ಮತ್ತೆ ಮಾಡಿ. ಡಿಡಿಯಲ್ಲಿ ಮಾಡಿದ ಪೆನ್‌ಡ್ರೈವನ್ನು ವಿಂಡೋಸ್ ಗುರುತಿಸದೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು, ಬೇಡ ಎನ್ನಿ.

ಹಂತ 6: ಪೆನ್‌ಡ್ರೈವ್‌ನಿಂದ ಏಳಿಸಿ ಪರೀಕ್ಷೆ

ಪೆನ್‌ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿಯನ್ನು ಮತ್ತೆ ಮತ್ತೆ ತಟ್ಟಿ. ಡೆಲ್, ಲೆನೊವೊಗೆ ಎಫ್12. ಎಚ್‌ಪಿಗೆ ಎಸ್ಕೇಪ್, ಆಮೇಲೆ ಎಫ್9. ಏಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ಏಸರ್‌ಗೂ ಎಫ್12, ಆದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಫ್12 ಬೂಟ್ ಮೆನು ಎಂಬುದನ್ನು ಎನೇಬಲ್ ಮಾಡಬೇಕಾಗಬಹುದು. ಕೀಲಿಗೆ ಸಮಯ ಸಿಗದಿದ್ದರೆ ವಿಂಡೋಸ್‌ನಲ್ಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ‘ಯೂಸ್ ಎ ಡಿವೈಸ್’ ಆರಿಸಿ. ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಯುಇಎಫ್‌ಐ ಯಂತ್ರದವರು ಹೆಸರಿನ ಹಿಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ.

ಮಿಂಟ್, ಉಬುಂಟು, ಫೆಡೋರಾಗಳು ಸೆಕ್ಯೂರ್ ಬೂಟ್ ಆನ್ ಇದ್ದರೂ ಏಳುತ್ತವೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಬಯೋಸ್ ಒಳಗೆ ಮೈಕ್ರೋಸಾಫ್ಟ್‌ನ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ ಎಂಬುದನ್ನು ಆನ್ ಮಾಡಬೇಕಾಗುತ್ತದೆ. ಮಿಂಟ್ ಮೆನು ಬಂದು ಆಮೇಲೆ ಪರದೆ ಕಪ್ಪಾಗಿ ಉಳಿದರೆ, ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ ಇದು ಹೆಚ್ಚು, ಮತ್ತೆ ಆನ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಅವಸರ ಮಾಡದೆ ಅರ್ಧ ಗಂಟೆ ಬಳಸಿ. ವೈಫೈ ಪಟ್ಟಿ ಬರುತ್ತಿದೆಯೇ, ಸ್ಪೀಕರ್‌ನಲ್ಲಿ ಸದ್ದು, ಕ್ಯಾಮೆರಾ, ಟಚ್‌ಪ್ಯಾಡ್, ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಎಲ್ಲ ನೋಡಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಅನ್ನಿಸುವುದು ಸಹಜ. ವೈಫೈ ಬರದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್‌ನಂಥ ವೈಫೈ ಚಿಪ್‌ಗಳಿಗೆ ಬೇಕಾದ ಡ್ರೈವರ್ ತೋರಿಸುತ್ತದೆ.

ಡಿಟಿಪಿ, ಜೆರಾಕ್ಸ್ ಅಂಗಡಿಯವರು ಪ್ರಿಂಟರನ್ನೂ ಇಲ್ಲೇ ಪರೀಕ್ಷಿಸಿ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ಸುಲಭವಾಗಿ ಕೂಡಿಕೊಳ್ಳುತ್ತವೆ. ನಮ್ಮ ಊರುಗಳ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ಲಿನಕ್ಸ್‌ನಲ್ಲಿ ಬಹಳ ಕಾಡಿಸುತ್ತದೆ. ಪ್ರಿಂಟ್ ಕೆಲಸವನ್ನು ವಿಂಡೋಸ್‌ನಲ್ಲೇ ಇಟ್ಟುಕೊಳ್ಳಿ.

ಕೊನೆಯದಾಗಿ ಮೆನುವಿನಿಂದ ಡಿಸ್ಕ್ಸ್ ತೆರೆಯಿರಿ. ಒಳಗಿನ ಎಸ್‌ಎಸ್‌ಡಿ ಕಾಣುತ್ತಿದ್ದರೆ ಸರಿ, ಆರ್‌ಎಸ್‌ಟಿಯ ಗೊಡವೆ ಬೇಡ. ಬರೀ ಪೆನ್‌ಡ್ರೈವ್ ಕಂಡರೆ ಹೀಗೆ ಮಾಡಿ: ವಿಂಡೋಸ್‌ಗೆ ಹೋಗಿ ಸಿಸ್ಟಮ್ ಕಾನ್ಫಿಗರೇಶನ್‌ನ ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ಆರ್‌ಎಸ್‌ಟಿಯನ್ನು ಎಎಚ್‌ಸಿಐಗೆ ಬದಲಿಸಿ, ಅಥವಾ ವಿಎಂಡಿ ಡಿಸೇಬಲ್ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ಕೆಲಸ ಮಾಡದೆ ಇರಬಹುದು, ಪೂರ್ತಿ ಪಾಸ್‌ವರ್ಡ್ ಗೊತ್ತಿರಲಿ. ಸೇಫ್ ಬೂಟ್ ಬಿಟ್ಟು ನೇರವಾಗಿ ಬಯೋಸ್‌ನಲ್ಲಿ ಬದಲಿಸಿದವರಿಗೆ ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎದುರಾಗುತ್ತದೆ. ಆಗ ಬಯೋಸ್‌ನಲ್ಲಿ ಮೊದಲಿದ್ದಂತೆ ಇಟ್ಟರೆ ವಿಂಡೋಸ್ ಮತ್ತೆ ಏಳುತ್ತದೆ.

ಹಂತ 7: ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿ. ಭಾಷೆ ಸದ್ಯಕ್ಕೆ ಇಂಗ್ಲಿಷ್ ಇರಲಿ. ತೊಂದರೆ ಬಂದಾಗ ಪರದೆಯ ಮೇಲಿನ ಮಾತನ್ನು ಹಾಗೇ ಹುಡುಕಿದರೆ ಪರಿಹಾರ ಬೇಗ ಸಿಗುತ್ತದೆ. ಕೀಬೋರ್ಡ್ ಇಂಗ್ಲಿಷ್ ಯುಎಸ್. ನೆಟ್ ಇದ್ದರೆ ಮಲ್ಟಿಮೀಡಿಯಾ ಕೋಡೆಕ್ಸ್‌ಗೆ ಟಿಕ್ ಹಾಕಿ.

ಆಮೇಲೆ ಬರುವುದು ಇನ್‌ಸ್ಟಲೇಶನ್ ಟೈಪ್. ಕೈಯನ್ನು ಮೌಸಿನಿಂದ ತೆಗೆದು ಒಂದು ಸಲ ಪೂರ್ತಿ ಓದಿ. ‘ಅಲಾಂಗ್‌ಸೈಡ್ ವಿಂಡೋಸ್’, ‘ಇರೇಸ್ ಡಿಸ್ಕ್’, ‘ಸಮ್‌ಥಿಂಗ್ ಎಲ್ಸ್’ ಎಂದು ಮೂರು ಆಯ್ಕೆಗಳು. ಇರೇಸ್ ಡಿಸ್ಕ್ ಎಂದರೆ ವಿಂಡೋಸ್, ಡಿ ಡ್ರೈವ್, ಫೋಟೋ ಎಲ್ಲವೂ ಹೋಯಿತು. ಅಲಾಂಗ್‌ಸೈಡ್ ಸುಲಭ, ಆದರೆ ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಅದು ಯಾವ ಡಿಸ್ಕ್ ಹಿಡಿದುಕೊಂಡಿದೆ ಎಂದು ಸ್ಪಷ್ಟವಾಗುವುದಿಲ್ಲ. ನಾವು ಜಾಗ ಮೊದಲೇ ಬಿಡಿಸಿಟ್ಟಿರುವುದರಿಂದ ಸಮ್‌ಥಿಂಗ್ ಎಲ್ಸ್ ಆರಿಸುವುದೇ ಸುರಕ್ಷಿತ. ಎಲ್ಲಿ ಏನಾಗುತ್ತಿದೆ ಎಂದು ಕಣ್ಣಾರೆ ಕಾಣುತ್ತದೆ. ‘ಅಲಾಂಗ್‌ಸೈಡ್’ ಆಯ್ಕೆಯೇ ಬಂದಿಲ್ಲ ಎಂದರೆ ಅದು ಎಚ್ಚರಿಕೆ: ಪೆನ್‌ಡ್ರೈವ್ ತಪ್ಪು ಮೋಡ್‌ನಲ್ಲಿ ಎದ್ದಿರಬಹುದು, ಅಥವಾ ಬಿಟ್‌ಲಾಕರ್ ಇನ್ನೂ ಬಿಚ್ಚಿರುವುದಿಲ್ಲ. 2 ಮತ್ತು 3ನೇ ಹಂತಕ್ಕೆ ವಾಪಸ್ ಹೋಗಿ ನೋಡಿ ಬನ್ನಿ.

ಪಟ್ಟಿಯಲ್ಲಿ ‘ಫ್ರೀ ಸ್ಪೇಸ್’ ಸಾಲು ಹುಡುಕಿ. ಇಲ್ಲಿ ಲೆಕ್ಕ ಬೇರೆ ಕಾಣಿಸಿ ಗಾಬರಿಯಾಗುವವರಿದ್ದಾರೆ. ವಿಂಡೋಸ್ ಒಂದು ಎಂಬಿ ಎಂದರೆ 1024 ಕೆಬಿ ಎನ್ನುತ್ತದೆ, ಇನ್‌ಸ್ಟಾಲರ್ 1000ದ ಲೆಕ್ಕ ಹಾಕುತ್ತದೆ. ಅಲ್ಲಿ 51200 ಎಂದು ಬಿಡಿಸಿದ್ದು ಇಲ್ಲಿ 53687ರ ಆಸುಪಾಸು ಕಾಣುತ್ತದೆ, 81920 ಬಿಡಿಸಿದ್ದು 85899ರ ಹತ್ತಿರ. ಅದೇ ಜಾಗ, ಬೇರೆ ಅಳತೆ. ಆ ಸಾಲನ್ನು ಆರಿಸಿ ಕೆಳಗಿನ ಪ್ಲಸ್ ಒತ್ತಿ. ಗಾತ್ರ ಪೂರ್ತಿ ಇರಲಿ, ‘ಯೂಸ್ ಆ್ಯಸ್’ನಲ್ಲಿ ಎಕ್ಸ್ಟ್4, ‘ಮೌಂಟ್ ಪಾಯಿಂಟ್’ನಲ್ಲಿ ಒಂದೇ ಒಂದು ಓರೆಗೆರೆ ‘/’. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇರೆ ಪಾರ್ಟಿಷನ್ ಬೇಡ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ ವಿಂಡೋಸ್ ಮಾಡಿದ್ದೇ ಸಾಕು. ಹೊಸದು ಮಾಡಬೇಡಿ, ಅದರ ಸಾಲಿನ ಫಾರ್ಮ್ಯಾಟ್ ಪೆಟ್ಟಿಗೆಯಲ್ಲಿ ಟಿಕ್ ಇರಲೇಬಾರದು. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಏಳುವ ದಾರಿಯೇ ಅಳಿಸಿಹೋಗುತ್ತದೆ. ಕೆಳಗೆ ಬೂಟ್ ಲೋಡರ್‌ಗೆ ವಿಂಡೋಸ್ ಇರುವ ಡಿಸ್ಕನ್ನೇ ಆರಿಸಿ, ಪೆನ್‌ಡ್ರೈವನ್ನಲ್ಲ.

‘ಇನ್‌ಸ್ಟಾಲ್ ನೌ’ ಒತ್ತಿದಾಗ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ: ಯಾವ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಎಂಬ ಪಟ್ಟಿ. ಅಲ್ಲಿ ಎಕ್ಸ್ಟ್4 ಎಂಬ ಒಂದೇ ಒಂದು ಸಾಲು ಇರಬೇಕು. ಎರಡನೇ ಸಾಲು ಕಂಡರೆ ಗೋ ಬ್ಯಾಕ್. ಈ ಪೆಟ್ಟಿಗೆಯವರೆಗೆ ನೀವು ಮಾಡಿದ್ದೆಲ್ಲ ಬರೀ ಯೋಜನೆ. ಕಂಟಿನ್ಯೂ ಒತ್ತಿದ ಕ್ಷಣದಿಂದ ಡಿಸ್ಕಿಗೆ ಬರೆಯಲು ಶುರುವಾಗುತ್ತದೆ.

ಸಮಯಕ್ಕೆ ಕೋಲ್ಕತಾ, ಬಳಕೆದಾರ ಹೆಸರಿಗೆ ಇಂಗ್ಲಿಷ್‌ನ ಸಣ್ಣ ಅಕ್ಷರಗಳು, ನೆನಪಿರುವ ಪಾಸ್‌ವರ್ಡ್. ಎಸ್‌ಎಸ್‌ಡಿಯಲ್ಲಿ ಹತ್ತು ಹದಿನೈದು ನಿಮಿಷ, ಹಾರ್ಡ್‌ಡಿಸ್ಕಿನಲ್ಲಿ ಅರ್ಧ ಗಂಟೆಯೂ ಹಿಡಿಯಬಹುದು. ಸೆಕ್ಯೂರ್ ಬೂಟ್ ಜೊತೆ ಹೊರಗಿನ ಡ್ರೈವರ್ ಹಾಕಿಸಿದರೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ಮೊದಲ ಸಲ ಏಳುವಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಅಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟರೆ ಎನ್‌ವಿಡಿಯಾ ಅಥವಾ ವೈಫೈ ಡ್ರೈವರ್ ಕೆಲಸ ಮಾಡುವುದಿಲ್ಲ.

ಹಂತ 8: ಮೊದಲ ದಿನದ ಕೆಲಸಗಳು

ಈಗ ಕಂಪ್ಯೂಟರ್ ಏಳುವಾಗ ಗ್ರಬ್ ಎಂಬ ಮೆನು ಬಂದು ಸುಮಾರು 10 ಸೆಕೆಂಡು ಕಾಯಬೇಕು. ಮೊದಲು ವಿಂಡೋಸ್ ಆರಿಸಿ, ಅದು ಸರಿಯಾಗಿ ಏಳುತ್ತದೆಯೇ ನೋಡಿ. ಆಮೇಲೆ ಮಿಂಟ್.

ಗ್ರಬ್ ಬರದೆ ನೇರ ವಿಂಡೋಸ್‌ಗೆ ಹೋದರೆ ಬಯೋಸ್‌ನ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದರೂ ಅಲ್ಲಿ ಹೆಸರು ಉಬುಂಟು ಎಂದೇ ಇರುತ್ತದೆ. ಎಚ್‌ಪಿಯ ಕೆಲವು ಮಾದರಿಗಳಲ್ಲಿ ಇದು ಓಎಸ್ ಬೂಟ್ ಮ್ಯಾನೇಜರ್ ಎಂಬ ಸಾಲಿನ ಒಳಗೆ ಅಡಗಿರುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೂ ಈ ಕ್ರಮ ತಲೆಕೆಳಗಾಗಬಹುದು, ಆಗಲೂ ಇದೇ ಮದ್ದು.

ಗಡಿಯಾರ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಬ್ಯಾಟರಿ ಹೋಗಿಲ್ಲ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಗ್ರೀನ್‌ವಿಚ್ ಕಾಲದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಆಜ್ಞೆಯನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಕೊಟ್ಟರೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಕನ್ನಡಕ್ಕೆ ಬರೋಣ. ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್‌ನಲ್ಲಿ ಪ್ಲಸ್ ಒತ್ತಿದರೆ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಕಗಪ ವಿನ್ಯಾಸಗಳು ಸಿಗುತ್ತವೆ. ನುಡಿ ಅಭ್ಯಾಸ ಇರುವವರಿಗೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಅದರ ಕೆಜಿಪಿ ಆರಿಸುವುದು ಬೆರಳಿಗೆ ಹೆಚ್ಚು ಹತ್ತಿರ. ಅಕ್ಷರಗಳಿಗೆ ಸಿನಾಪ್ಟಿಕ್‌ನಲ್ಲಿ (ತಂತ್ರಾಂಶ ಹುಡುಕಿ ಹಾಕಿಕೊಳ್ಳುವ ಕಿಟಕಿ) ಗುಬ್ಬಿ, ನವಿಲು ಎಂಬ ಹೆಸರಿನ ಫಾಂಟ್ ಪ್ಯಾಕೇಜ್‌ಗಳನ್ನು ಹುಡುಕಿ ಹಾಕಿ. ತುಮಕೂರು ಜಿಲ್ಲೆಯವರಿಗೆ ಗುಬ್ಬಿ ಹೆಸರು ಮರೆಯುವ ಮಾತೇ ಇಲ್ಲ. ಆದರೆ ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಲಿನಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಅಂಥವನ್ನು ತಿದ್ದಿ ಸೇವ್ ಮಾಡುವ ಮುಂಚೆ ವಿಂಡೋಸ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದರಂತೆ ಎರಡು ಸ್ನ್ಯಾಪ್‌ಶಾಟ್ (ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಲು ತೆಗೆದಿಡುವ ಮಿಂಟ್‌ನ ನಕಲು) ಉಳಿಯುವಂತೆ ಇಡಿ. 50 ಜಿಬಿ ಜಾಗದಲ್ಲಿ ಅದಕ್ಕಿಂತ ಹೆಚ್ಚು ಇಟ್ಟರೆ ಡಿಸ್ಕ್ ತುಂಬಿ ಲಾಗಿನ್ ಪರದೆಯಲ್ಲೇ ಸುತ್ತುತ್ತಿರುತ್ತದೆ.

ಹಂತ 9: ಬೇಡ ಎನ್ನಿಸಿದರೆ ತೆಗೆಯುವ ಕ್ರಮ

ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತನ್ನಿ. ಗ್ರಬ್ ಇಲ್ಲದೆ ವಿಂಡೋಸ್ ಎದ್ದಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ. ಡ್ರೈವ್ ಅಕ್ಷರವಿಲ್ಲದ, ನೀವು ಬಿಡಿಸಿದಷ್ಟೇ ಗಾತ್ರದ ಪಾರ್ಟಿಷನ್ ಅಳಿಸಿ, ಸಿ ಡ್ರೈವ್ ಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ. ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೇ ತಾಗಿಕೊಂಡಿದ್ದರೆ ಅದು ಕೂಡಿಕೊಳ್ಳುತ್ತದೆ. ಬಯೋಸ್‌ನಲ್ಲಿ ಉಳಿಯುವ ಉಬುಂಟು ಹೆಸರಿನಿಂದ ತೊಂದರೆ ಇಲ್ಲ.

ಲೆಗಸಿ ಯಂತ್ರದಲ್ಲಿ ಈ ಕ್ರಮ ಸಾಲದು. ಅಲ್ಲಿ ಗ್ರಬ್ ಡಿಸ್ಕಿನ ತಲೆಯಲ್ಲೇ ಕೂತಿರುತ್ತದೆ. ಪಾರ್ಟಿಷನ್ ಮೊದಲು ಅಳಿಸಿದರೆ ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದು ನಿಂತುಬಿಡುತ್ತದೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಎದ್ದು, ರಿಪೇರ್ ಆಯ್ಕೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್‌ರೆಕ್ ಆಜ್ಞೆಯನ್ನು ಫಿಕ್ಸ್‌ಎಂಬಿಆರ್ ಎಂಬ ಸ್ವಿಚ್ ಜೊತೆ ಕೊಡಿ. ಪಾರ್ಟಿಷನ್ ಅಳಿಸುವುದು ಅದಾದ ಮೇಲೆ.